ಯಾರಿಗೆ ಏನಿಲ್ಲ

ಬೀರು ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಕೆಳಗೆ ನಾನು ತಡೆದು ಹಿಡಿದಿದ್ದೆ. ಮೇಲೆ ಹಗ್ಗ ಹಿಡಿದಿದ್ದ ಹೊಸಬ ಕೈ ಸಡಿಲ ಬಿಟ್ಟ. ಬೀರು ಜಾರಿ ಬಂದು ನನ್ನ ಎದೆಗೆ ನಿಂತಿತು.

"ಬೆರಳು ಜಜ್ಜಿದೆ ಅಣ್ಣ," ಅಂದ ಮೇಲಿಂದ.

"ಮೊದ್ಲೇ ಬೊಗಳೋಕೇನಾಗಿತ್ತು?"

"ನೀವು ಕೇಳ್ಲಿಲ್ಲ."

ಬೆವರಿಗೆ ಒದ್ದೆಯಾದ ಹಗ್ಗ ನನ್ನ ಮೂಗಿನ ಹತ್ತಿರವೇ ಇತ್ತು. ಸೆಣಬಿನ ಆ ವಾಸನೆ... ಮೊನ್ನೆ ಬಸವನಗುಡಿಯ ಆ ಹಳೇ ಮನೆಯಲ್ಲಿ, ಬೀರು ಎದೆಗೆ ಒತ್ತಿಕೊಂಡು ನಿಂತಿದ್ದಾಗಲೇ ಮೇಸ್ತ್ರಿ ನೆನಪಾದರು.

ಮೇಸ್ತ್ರಿ ಅಂದರೆ ಆಗಿನ ನಮ್ಮ ಗುಂಪಿನ ಯಜಮಾನರು. ಮನೆ ಸಾಮಾನು ಸಾಗಿಸುವ ಕೆಲಸ. ಗುಂಪಿನಲ್ಲಿ ಅವರು, ನಾನು, ಸೀನ, ಮುರುಗ. ನಮ್ಮಂಥವರ ಕೈಗೆ ಇನ್ನೂ ಮೊಬೈಲು ಬಂದಿರಲಿಲ್ಲ. ಚಾಮರಾಜಪೇಟೆಯಲ್ಲಿ ಹಳೇ ಮನೆಗಳನ್ನು ಕೆಡವುತ್ತಿದ್ದರು, ಹಾಗಾಗಿ ಕೈತುಂಬ ಕೆಲಸ. ಶಾಲೆ ಬಿಟ್ಟಿದ್ದ ನಾನು ಓಕಳಿಪುರಂನಿಂದ ನಡೆದು ಬರುತ್ತಿದ್ದೆ. ಕೈಗಾಡಿ ಹತ್ತಿರ ಟೀ ಕುಡಿದ ಮೇಲೆ ಮೇಸ್ತ್ರಿ ಹೆಗಲಿಗೆ ಹಗ್ಗ ಸುತ್ತಿಕೊಳ್ಳುತ್ತಾ ದಿನಾ ಒಂದೇ ಮಾತು ಕೇಳುತ್ತಿದ್ದರು.

"ಇವತ್ತು ಯಾರ್ಗೆ ಏನಿಲ್ಲ?"

ನಿದ್ದೆ ಇಲ್ಲ, ಎಡಭುಜ ಇಲ್ಲ, ಮನಸ್ಸಿಲ್ಲ... ಇದ್ದದ್ದು ಇದ್ದ ಹಾಗೆ ಹೇಳಬೇಕಿತ್ತು. ಅದನ್ನು ಕೇಳಿಕೊಂಡೇ ಯಾರು ಎಲ್ಲಿ ನಿಲ್ಲಬೇಕು ಅಂತ ಅವರು ಹೇಳುತ್ತಿದ್ದರು. ಮೆಟ್ಟಿಲು ಇಳಿಸುವಾಗ ಭಾರವೆಲ್ಲ ಕೆಳಗಿನವನ ಮೇಲೆ. ಅವನಿಗೆ ದಾರಿ ಕಾಣುವುದಿಲ್ಲ. ಮೇಲಿನವನು ನೋಡಿ ಹೇಳಬೇಕು. ಒಬ್ಬನ ವಿಷಯ ಇನ್ನೊಬ್ಬನಿಗೆ ಗೊತ್ತಿಲ್ಲದಿದ್ದರೆ ಯಾರದ್ದಾದರೂ ಕಾಲು ಹೋಗುತ್ತದೆ, ಅಷ್ಟೇ.

ನನಗೂ ಸೀನನಿಗೂ ಆಗುತ್ತಿರಲಿಲ್ಲ. ಅವನು ಯಾವಾಗಲೂ ಮೇಲೆಯೇ ನಿಲ್ಲುತ್ತಿದ್ದ. ಸೋಮಾರಿ ಅಂದುಕೊಂಡಿದ್ದೆ. ಒಂದು ಬೆಳಿಗ್ಗೆ ಅವನೇ ಬಾಯಿ ಬಿಟ್ಟ.

"ನಂಗೆ ಧೈರ್ಯ ಇಲ್ಲ ಮೇಸ್ತ್ರಿ. ಕೆಳಗಡೆ ನಿಂತ್ರೆ ಕಾಲು ನಡುಗ್ತದೆ."

ಮುರುಗ ನಕ್ಕ. ನಾನೂ ನಕ್ಕೆ. ಮೇಸ್ತ್ರಿ ನಗಲಿಲ್ಲ, ನನ್ನ ಕಡೆ ತಿರುಗಿದರು. "ನಿಂಗೆ?"

"ನಂಗೆ ಎಲ್ಲಾ ಇದೆ."

"ಸರಿಯಾಗಿ ನೋಡ್ಕೊಂಡು ಹೇಳು."

ಎಲ್ಲರೂ ಕಾಯುತ್ತಾ ನಿಂತರು. "ತಾಳ್ಮೆ ಇಲ್ಲ," ಅಂದೆ ಕೊನೆಗೆ.

"ಇದಕ್ಕೆ ಇಷ್ಟೊತ್ತು ಬೇಕಾ ಮಗಾ? ಮೆಜೆಸ್ಟಿಕ್‌ಗೆಲ್ಲಾ ಗೊತ್ತು," ಅಂದ ಸೀನ.

ಅವತ್ತಿನಿಂದ ನಾನು ಕೆಳಗೆ, ಅವನು ಮೇಲೆ. "ನಿಧಾನ, ಬಲಕ್ಕೆ, ಇನ್ನೊಂದು ಮೆಟ್ಲು" ಅಂತ ಅವನು ಹೇಳುತ್ತಲೇ ಇರುತ್ತಿದ್ದ. ನಾನು ಕಣ್ಣು ಮುಚ್ಚಿಕೊಂಡು ಇಳಿಯಬಹುದಿತ್ತು.

ಒಂದು ದಿನ ಮುರುಗ ಸುಮ್ಮನಿರಲಾರದೆ ಕೇಳಿದ. "ಡೈಲಿ ನಮ್ಮನ್ನೇ ಕೇಳ್ತೀರಲ್ಲ ಮೇಸ್ತ್ರಿ. ನಿಮ್ಗೆ?"

ಅವರು ಹಗ್ಗದ ಗಂಟು ನೋಡುತ್ತಿದ್ದರು. "ನಂಗೇನಿಲ್ಲ," ಅಂದರು.

ನೋವಿಲ್ಲ, ತೊಂದರೆಯಿಲ್ಲ ಅಂತ ನಾವು ತಿಳಿದುಕೊಂಡೆವು. ಗಟ್ಟಿ ಆಳು ಅಂತ ಖುಷಿಪಟ್ಟೆವು. ಮತ್ತೆ ಯಾರೂ ಕೇಳಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ಅವರು ಬರಲಿಲ್ಲ. ಬಳೇಪೇಟೆಯಲ್ಲಿದ್ದ ಅವರ ರೂಮಿಗೆ ಹೋದೆವು. ಒಂದು ಚಾಪೆ, ಒಂದು ಸ್ಟೌ, ಒಂದೇ ಒಂದು ಲೋಟ. ಮಲಗಿದ್ದಲ್ಲೇ ಎದೆಬಡಿತ ನಿಂತು ಹೋಗಿತ್ತು.

"ಇವ್ರ ಕಡೆಯವ್ರು ಯಾರಪ್ಪ? ಹೇಳಿ ಕಳಿಸ್ಬೇಕಲ್ಲ," ಅಂದರು ಮನೆ ಓನರು.

ನಮ್ಮ ಮಂಡಿ, ಭುಜ, ಭಯ ಎಲ್ಲಾ ಅವರಿಗೆ ಗೊತ್ತಿತ್ತು. ಅವರ ಊರು ಯಾವುದು, ಮದುವೆ ಆಗಿತ್ತಾ... ನಮಗೆ ಗೊತ್ತಿರಲಿಲ್ಲ.

"ಯಾರೂ ಇಲ್ಲ ಅವ್ರಿಗೆ," ಅಂದರು ಪಕ್ಕದ ಬಳೆ ಅಂಗಡಿಯವರು. "ಹಬ್ಬದ ದಿನಾನೂ ಬಾಗ್ಲು ಹಾಕ್ಕೊಂಡು ಒಳಗೇ ಇರೋರು."

ನಂಗೇನಿಲ್ಲ ಅಂದದ್ದು ಆಗ ಅರ್ಥವಾಯಿತು.

ಚಟ್ಟಕ್ಕೆ ನಾವು ಮೂವರು, ಜೊತೆಗೆ ಬಳೆ ಅಂಗಡಿಯವರು. ಎತ್ತುವ ಹೊತ್ತಿಗೆ ಸೀನ ಬಗ್ಗಲೇ ಇಲ್ಲ. ಯಾವುದಕ್ಕೆ ಕಾಯುತ್ತಿದ್ದಾನೆ ಅಂತ ನನಗೆ ತಿಳಿಯಿತು.

"ಯಾರ್ಗೆ ಏನಿಲ್ಲ?" ಅಂದೆ.

"ಕಾಲಿಲ್ಲ ಕಣೋ."

"ಸರಿ. ನೀನು ಹಿಂದೆ ಬಾ. ಮುಂದೆ ನಾನಿರ್ತೀನಿ."

ಈಗ ಸೀನ ಆಟೋ ಓಡಿಸುತ್ತಾನೆ. ಮುರುಗ ಹೊಸೂರು ಕಡೆ ಹೋದ, ಸುದ್ದಿಯಿಲ್ಲ. ನನ್ನ ಜೊತೆ ಬರುವವರು ಹೆಸರು ಬಾಯಿಗೆ ಬರುವಷ್ಟರಲ್ಲಿ ಬದಲಾಗಿರುತ್ತಾರೆ. ಹಾಗಾಗಿ ಮೇಸ್ತ್ರಿಯ ಆ ಮಾತು ಕೇಳುವುದನ್ನೇ ಬಿಟ್ಟಿದ್ದೆ.

ಮೊನ್ನೆ ಬೀರು ತಿರುವಿನಲ್ಲೇ ಒರಗಿಸಿ, ಎಷ್ಟೋ ವರ್ಷದ ಮೇಲೆ ಕೇಳಿದೆ.

"ಏನ್ ಗುರು, ಇಂಟರ್‌ವ್ಯೂನಾ?" ಅಂತ ಒಬ್ಬ ನಕ್ಕ. ಇನ್ನೊಬ್ಬ ನಿದ್ದೆ ಇಲ್ಲ ಅಂದ. ಹಗ್ಗ ನಕ್ಕವನ ಕೈಗೆ ಕೊಟ್ಟು, ಬೆರಳು ಜಜ್ಜಿದವನನ್ನು ದಾರಿ ನೋಡಿ ಹೇಳಲು ನಿಲ್ಲಿಸಿದೆ. ಬೀರು ಇಳಿಯಿತು. ಅವರೆಲ್ಲ ಟೀಗೆ ಹೋದರು.

ನಾನು ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡೆ. ನನ್ನನ್ನು ಯಾರೂ ಕೇಳಲಿಲ್ಲ.

ಇನ್ನು ಹೇಳುವುದಕ್ಕೆ ಏನಿಲ್ಲ.