ಅರ್ಧ ಗದ್ದೆಯ ಹವಾಮಾನ

ಬೆಳಗಿನ ಚಹಾದ ಜೊತೆಗೇ ಮೊಬೈಲಿಗೆ ಹವಾಮಾನದ ಮುನ್ನೋಟ ಬಂತು. ಮುಂಗಾರು ಹಿಂದೆ ಸರಿಯುವ ಈ ವಾರಗಳಲ್ಲಿ ಕರಾವಳಿಯ ಬಯಲಿನಲ್ಲಿ ವಾಡಿಕೆಯಷ್ಟು ಅಥವಾ ವಾಡಿಕೆಗಿಂತ ತುಸು ಹೆಚ್ಚು ಮಳೆಯಾಗಬಹುದಂತೆ, ಅಲ್ಲಲ್ಲಿ ಒಣಹವೆಯೂ ಇರಬಹುದಂತೆ. ಏನೇ ಆದರೂ ಸುಳ್ಳಾಗದ ಹಾಗೆ ಬರೆಯುವುದು ಸಾಮಾನ್ಯರ ಕೆಲಸವಲ್ಲ. ನೌಕರಿಯುದ್ದಕ್ಕೂ ಕಚೇರಿಯ ಕಡತಗಳಿಗೆ ಟಿಪ್ಪಣಿ ಬರೆದವನು ನಾನು, ಇದರ ಹಿಂದಿನ ಶ್ರಮ ನನಗೆ ಅರ್ಥವಾಗುತ್ತದೆ. ಆದರೆ ಬಯಲು ಎಂದರಲ್ಲ, ಅದನ್ನು ಓದಿ ನಗು ಬಂತು. ನಮ್ಮ ಕಾರವಾರದಲ್ಲಿ ಗುಡ್ಡಕ್ಕೂ ಸಮುದ್ರಕ್ಕೂ ನಡುವೆ ಹೆದ್ದಾರಿ, ರೈಲು ಮತ್ತು ಶಿರವಾಡದ ನಮ್ಮಂಥವರ ಮನೆಗಳು ಹೋಗಿ ಉಳಿದದ್ದು ಚಾಪೆ ಹಾಸುವಷ್ಟು ಜಾಗ. ಅದನ್ನು ಬಯಲು ಎಂದು ಕರೆದವರ ಮನಸ್ಸು ದೊಡ್ಡದು.

ನೀವು ಒಳನಾಡಿನವರಾದರೆ ಇಲ್ಲಿಯ ಆಶ್ವೀಜ ನಿಮಗೆ ಗೊತ್ತಿರಲಿಕ್ಕಿಲ್ಲ. ಗದ್ದೆಯಲ್ಲಿ ಭತ್ತ ಹಣ್ಣಾಗಿ ನಿಂತಿರುತ್ತದೆ. ಮಳೆ ಮಾತ್ರ, ಹೊರಟೆ ಹೊರಟೆ ಎನ್ನುತ್ತ ಹೊಸ್ತಿಲಲ್ಲೇ ಮಾತು ಮುಂದುವರಿಸುವ ನೆಂಟರ ಹಾಗೆ, ಹೋಗಿಯೇ ಇರುವುದಿಲ್ಲ. ಭತ್ತ ಕೊಯ್ದು ಗದ್ದೆಯಲ್ಲೇ ಹರಡಿ ಒಣಗಿಸಬೇಕು. ಹರಡಿದ ಮೇಲೆ ಮಳೆ ಬಂದರೆ ಕಾಳು ಮೊಳೆಯುತ್ತದೆ. ಹೆದರಿ ಕೊಯ್ಯದೆ ಬಿಟ್ಟರೆ ಪೈರು ನೆಲಕ್ಕೆ ಮಲಗಿ, ಮಲಗಿದಲ್ಲೇ ಮೊಳೆಯುತ್ತದೆ. ಹಾಗಾಗಿ ಈ ದಿನಗಳಲ್ಲಿ ನಮ್ಮಲ್ಲಿ ಹವಾಮಾನ ತಜ್ಞನಲ್ಲದ ಗಂಡಸು ಸಿಗುವುದು ಕಷ್ಟ.

ಹಣಕೋಣದ ನನ್ನ ಸೋದರಮಾವ ಅಂಥವರಲ್ಲಿ ಹಿರಿಯ. ಅವನಿಗೆ ಗೋವಾದ ಕೊಂಕಣಿ ರೇಡಿಯೋ ಎಂದರೆ ವೇದ. ಮಾಜಾಳಿ ದಾಟಿದರೆ ಗೋವಾ. ಊರಿನ ಅರ್ಧ ಜನಕ್ಕೆ ಕೆಲಸ ಅಲ್ಲಿಂದ ಬರುವಾಗ ಮಳೆ ಮಾತ್ರ ಬೇರೆ ಕಡೆಯಿಂದ ಯಾಕೆ ಬರುತ್ತದೆ ಎಂದು ಕೇಳುತ್ತಿದ್ದ. ನನ್ನ ಅಪ್ಪ ಅಂಕೋಲೆಯವನು, ಶಾಲಾ ಮಾಸ್ತರ, ಕನ್ನಡದ ರೇಡಿಯೋ ಬಿಟ್ಟು ಬೇರೆ ಮುಟ್ಟಿದವನಲ್ಲ. ಕರ್ನಾಟಕದ ಮಳೆಯ ಬಗ್ಗೆ ಗೋವಾದವರು ಬಾಯಿ ಹಾಕುವುದು ಅವನಿಗೆ ಅವಮಾನ. ಮಾಜಾಳಿಯ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಜೊತೆ ಮೋಡಗಳನ್ನೂ ನಿಲ್ಲಿಸಿ ಕಾಗದಪತ್ರ ನೋಡುತ್ತಾರೆ ಎಂದು ಅವನು ನಂಬಿದ್ದನೋ ಏನೋ. ಕೊಯ್ಲಿನ ಹೊತ್ತಿಗೆ ಅಂಕೋಲೆಯಿಂದ ನಾವು ಹಣಕೋಣಕ್ಕೆ ಹೋಗುವುದು ರೂಢಿ. ಅಪ್ಪ ತನ್ನ ರೇಡಿಯೋವನ್ನು ಬಟ್ಟೆಯಲ್ಲಿ ಸುತ್ತಿ ಚೀಲದಲ್ಲಿ ಇಟ್ಟುಕೊಂಡೇ ಬಸ್ಸು ಹತ್ತುತ್ತಿದ್ದ.

ಮಾವನ ಜಗುಲಿಯ ಎರಡು ತುದಿಗೆ ಎರಡು ರೇಡಿಯೋ. ಒಂದರಲ್ಲಿ ಕೊಂಕಣಿ ಮಳೆ, ಇನ್ನೊಂದರಲ್ಲಿ ಕನ್ನಡದ ಬಿಸಿಲು. ನಾನಾಗ ಬಿ.ಎಸ್‌ಸಿ. ಮುಗಿಸಿ ಕೆಲಸವಿಲ್ಲದೆ ಕೂತವನು, ನಡುವೆ ಪೇಪರ್ ಹಿಡಿದು ವಾಯುಭಾರ ಕುಸಿತ ಎಂದರೇನು ಎಂದು ಇಬ್ಬರಿಗೂ ವಿವರಿಸುತ್ತಿದ್ದೆ. ಕುಸಿತವೇನೋ ನನಗೆ ಚೆನ್ನಾಗಿ ತಿಳಿದಿತ್ತು. ಅದರಿಂದ ನಾಳೆ ಮಳೆ ಬರುತ್ತದೋ ಇಲ್ಲವೋ ಎಂದು ಕೇಳಿದರೆ ಮಾತ್ರ ಪುಟ ತಿರುವುತ್ತಿದ್ದೆ.

ಒಳಗೆ ಅತ್ತೆ ಇದ್ದಳು, ಮಾವನ ಹೆಂಡತಿ. ಗದ್ದೆ ಮಾವನ ಹೆಸರಲ್ಲಿತ್ತು, ಗದ್ದೆಯ ಕೆಲಸವೆಲ್ಲ ಅತ್ತೆಯದು. ಕೊಯ್ಯುವುದು ಮುಯ್ಯಾಳಿನಲ್ಲಿ. ಇವತ್ತು ಕೇರಿಯ ಹೆಂಗಸರು ನಮ್ಮ ಗದ್ದೆಗೆ ಬಂದರೆ ನಾಳೆ ಅತ್ತೆ ಅವರ ಗದ್ದೆಗೆ ಹೋಗಬೇಕು. ನಮ್ಮ ಪಾಳಿಯ ದಿನ ಕೈಬಿಟ್ಟರೆ ಮುಗಿಯಿತು, ಎಲ್ಲರದ್ದೂ ಆಗಿ ಮತ್ತೆ ನಮ್ಮ ಸರದಿ ಬರುವ ಹೊತ್ತಿಗೆ ಕಾಳು ಉದುರಿರುತ್ತದೆ. ವರ್ಷದ ಅಕ್ಕಿ, ಆಕಳಿಗೆ ಹುಲ್ಲು, ಎರಡೂ ಆ ಒಂದು ದಿನದ ಮೇಲೆ ನಿಂತಿದ್ದವು. ಆ ವರ್ಷ ನಮ್ಮ ಪಾಳಿ ಬಂದಾಗ ಗೋವಾದ ರೇಡಿಯೋ ಮಳೆ ಎಂದಿತು, ಕನ್ನಡದ್ದು ಇಲ್ಲ ಎಂದಿತು. ಹೆಂಗಸರು ಕತ್ತಿ ಹಿಡಿದು ಅಂಗಳದಲ್ಲಿ ನಿಂತರು. ಅತ್ತೆ ತಲೆಗೆ ಬಟ್ಟೆ ಕಟ್ಟಿಕೊಂಡು ಜಗುಲಿಯ ಕಡೆ ನೋಡುತ್ತ ನಿಂತಳು.

ಇಲ್ಲಿ ನಿಮಗೆ ನಮ್ಮ ಕಡೆಯ ಮರ್ಯಾದೆಯ ಬಗ್ಗೆ ಹೇಳಬೇಕು. ತಂಗಿಯ ಗಂಡ ಮನೆಗೆ ಬಂದಾಗ ಅವನ ಮಾತು ತೆಗೆದುಹಾಕುವ ಹಾಗಿಲ್ಲ. ಹಾಗೆಯೇ ಹೆಂಡತಿಯ ಅಣ್ಣನ ಮನೆಯಲ್ಲಿ ಕೂತು ಅವನ ಮಾತು ಮೀರುವುದೂ ಸಭ್ಯತೆಯಲ್ಲ. ನೀವು ಹೇಳಿದ ಹಾಗೇ ಆಗಲಿ ಎಂದು ಮಾವ, ಛೇ ನಿಮ್ಮ ಗದ್ದೆ ನಿಮ್ಮಿಷ್ಟ ಎಂದು ಅಪ್ಪ, ಒಬ್ಬರಿಗೊಬ್ಬರು ಸೋಲಲು ಹೋಗಿ ಬಿಸಿಲು ಏರಿತು. ಕೊನೆಗೆ ಇಬ್ಬರೂ ಸೇರಿ ಒಂದು ತೀರ್ಪು ಕೊಟ್ಟರು. ಅರ್ಧ ಗದ್ದೆ ಅಪ್ಪನ ರೇಡಿಯೋ ಪ್ರಕಾರ ಕೊಯ್ಯುವುದು, ಅರ್ಧ ಮಾವನ ರೇಡಿಯೋ ಪ್ರಕಾರ ಬಿಡುವುದು. ಲೋಕದಲ್ಲಿ ಹವಾಮಾನವನ್ನು ಹೀಗೆ ಪಾಲು ಮಾಡಿಕೊಂಡವರು ಬೇರೆ ಇದ್ದಾರೋ ನನಗೆ ಗೊತ್ತಿಲ್ಲ. ಅತ್ತೆ ಏನೋ ಹೇಳಲು ಬಾಯಿ ತೆರೆದಳು. ಚಹಾ ತಗೊಂಡ್ ಬಾ ಎಂದ ಮಾವ.

ಸಂಜೆಯವರೆಗೆ ಬಿಸಿಲಿತ್ತು, ಅಪ್ಪ ಗೆದ್ದ. ಮರುದಿನ ಮಳೆ ಹಿಡಿಯಿತು, ಮಾವ ಗೆದ್ದ. ಮೂರನೆಯ ದಿನ ಗಾಳಿಯೂ ಸೇರಿತು. ಕೊಯ್ದ ಅರ್ಧ ನೀರಿನಲ್ಲಿ ತೇಲಿತು, ಬಿಟ್ಟ ಅರ್ಧ ಮಲಗಿ ಅದೇ ನೀರಿಗೆ ಮುಖ ಕೊಟ್ಟಿತು. ಮಳೆ ನಿಂತಾಗ ಇಡೀ ಗದ್ದೆಯ ಕಾಳಿನ ತುದಿಯಲ್ಲಿ ಬಿಳಿ ಮೊಳಕೆ ಇಣುಕಿತ್ತು, ಅಂಗಳಕ್ಕೆಲ್ಲ ಹುಳಿ ವಾಸನೆ. ಅತ್ತೆ ಗದ್ದೆಯ ಬದುವಿನಲ್ಲಿ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಜಗುಲಿಯ ಮೇಲಿನ ಇಬ್ಬರೂ ನೋಡಿದರು, ಮತ್ತು ಇಬ್ಬರಿಗೂ ಒಮ್ಮೆಗೇ ರೇಡಿಯೋದ ಗುಬಟಿ ಸರಿಯಿಲ್ಲ ಎನಿಸಿತು. ತಿರುಗಿಸುತ್ತ, ನಮ್ಮವರು ಹೇಳಿದ್ದು ಸುಳ್ಳಾಗಲಿಲ್ಲ ನೋಡಿ ಎಂದು ಒಬ್ಬರನ್ನೊಬ್ಬರು ಸಮಾಧಾನ ಮಾಡಿದರು. ನನಗೆ ಅವತ್ತು ಇಬ್ಬರ ಮೇಲೂ ಬಂದ ಸಿಟ್ಟು ಈಗ ನೆನೆದರೂ ಬರುತ್ತದೆ.

ಉಳಿದದ್ದನ್ನು ಅತ್ತೆ ಒಲೆಯ ಮೇಲೆ ಹುರಿದು, ಅಟ್ಟದಲ್ಲಿ ಹರಡಿ ಹೇಗೋ ಅಕ್ಕಿ ಮಾಡಿದಳು. ಹೊಸ ಅಕ್ಕಿಯ ಊಟಕ್ಕೆ ಅದನ್ನೇ ಬೇಯಿಸಿ ಬಡಿಸಿದಳು. ಅನ್ನ ಮುದ್ದೆಯಾಗಿತ್ತು, ಹೊಗೆ ನಾರುತ್ತಿತ್ತು. ಹೊಸ ಅಕ್ಕಿಯನ್ನು ಹಳಿಯಬಾರದಲ್ಲ, ಇಬ್ಬರೂ ಘಮಘಮ ಎನ್ನುತ್ತ ಉಂಡರು. ಅತ್ತೆ ಸೌಟು ಹಿಡಿದು, "ಗೋವಾದ್ದು ಹಾಕ್ಲೋ, ಇಲ್ಲಿದು ಹಾಕ್ಲೋ?" ಎಂದು ಕೇಳಿದಳು.

ಅಪ್ಪ, ಮಾವ ಇಬ್ಬರೂ ಈಗಿಲ್ಲ. ಗದ್ದೆ ಮಾಡುವವಳು ಮಾವನ ಮಗಳು ಸುಮಾ, ಅತ್ತೆಯೂ ಅವಳ ಜೊತೆಗಿದ್ದಾಳೆ. ಸುಮಾಳ ಗಂಡ ಗೋವಾದ ಕಾರ್ಖಾನೆಗೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾನೆ. ರೇಡಿಯೋದ ಜಾಗದಲ್ಲಿ ಮೊಬೈಲುಗಳು ಬಂದಿವೆ. ಕುಟುಂಬದ ಗ್ರೂಪಿನಲ್ಲಿ ಒಬ್ಬನ ಹಳದಿ ಎಚ್ಚರಿಕೆಗೆ ಇನ್ನೊಬ್ಬನ ಹಸಿರು ಉತ್ತರ ಕೊಡುತ್ತದೆ. ಗದ್ದೆಗೆ ಕಾಲಿಡದವರೆಲ್ಲ ಅಲ್ಲಿ ಮೋಡ ಓಡಿಸುತ್ತಾರೆ.

ನಾನು ಮುನ್ನೋಟ ಓದುತ್ತಿರುವಾಗಲೇ ಸುಮಾಳ ಫೋನು ಬಂತು. "ಬಾವಾ, ಇವತ್ತ್ ಕೊಯ್ಯೂಕೆ ಆಳು ಬಂದಾರೆ. ಏನ್ ಮಾಡೂದು?" ಎಂದಳು. ಉತ್ತರ ನಾಲಿಗೆಯ ತುದಿಗೇ ಬಂದಿತ್ತು, ವಾಯುಭಾರದ ಸಮೇತ. ನುಂಗಿಕೊಂಡೆ. ನಂಗೇನೂ ಗೊತ್ತಿಲ್ಲ, ನಿನ್ನ ಗದ್ದೆ, ನೀನೇ ಹೇಳು, ಹೊರೂಕೆ ನಾ ಬರ್ತೆ ಎಂದೆ. ಅವಳು ಅಂಗಳಕ್ಕೆ ಇಳಿದ ಸದ್ದು ಕೇಳಿಸಿತು. ಆಮೇಲೆ, "ಕೊಯ್ತೆ," ಎಂದಳು.

ಕೊಯ್ಲು ಮುಗಿಯುವ ಹೊತ್ತಿಗೆ ಗುಡ್ಡದ ಕಡೆಯಿಂದ ಮಳೆ ಬಂದೇಬಿಟ್ಟಿತು. ಬಿದ್ದೆದ್ದು ಜಗುಲಿಗೆ ಹೊತ್ತು ಹಾಕಿದೆವು. ಆದರೂ ಒಂದು ಮೂಲೆಯ ಭತ್ತ ಪೂರ್ತಿ ತೋಯ್ದಿತು. ನನ್ನ ಬೆನ್ನು ಆಗಲೇ ರಾಜೀನಾಮೆ ಕೊಟ್ಟಿತ್ತು. ಸುಮಾ ಜಗುಲಿಗೆ ಬಂದು ಸೀರೆಯ ಅಂಚು ಹಿಂಡುತ್ತ, ತಪ್ಪು ಮಾಡಿಬಿಟ್ಟೆ ಆಯಿ, ನಾಳೆಗೆ ಇಡಬೇಕಿತ್ತು ಎಂದು ತಾಯಿಗೆ ಹೇಳಿದಳು. ಅತ್ತೆ ಒದ್ದೆ ತೆನೆಗಳನ್ನು ಚಾಪೆಯ ಮೇಲೆ ಬಿಡಿಸಿ ಹರಡುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಇರ್ಲಿ ಬಿಡೇ," ಎಂದಳು. "ನಿಂಗೆ ತಪ್ಪು ಮಾಡೂಕಾದ್ರೂ ಸಿಕ್ತಲ್ಲ."