ಹೆಡ್‌ಮಾಸ್ತರರ ಚಾಳೀಸು

ನಮ್ಮ ಬನಹಟ್ಟಿ ಸಾಲಿಯ ಹೆಡ್‌ಮಾಸ್ತರ ಮಲಕಾಜಪ್ಪನವರು ಹುಡುಗರು ಬೆರಳಿಟ್ಟು ಓದುವುದನ್ನು ಕಂಡರೆ ಉರಿದುಬೀಳುತ್ತಿದ್ದರು. "ಅಕ್ಷರಕ್ಕ ಬಟ್ಟ ಹಚ್ಚತಿಯೇನಲೇ, ಅದೇನ ಉಪ್ಪಿನಕಾಯಿ?" ಗ್ರಂಥಾಲಯದ ಖೋಲಿಗಂತೂ ಸದಾ ಬೀಗ, ಕೇಳಿದರೆ, "ಪುಸ್ತಕ ಹೊಲಸ ಆಗತಾವ್ರೀ" ಎನ್ನುವರು. ಸರ್ಕಾರದ ಸುತ್ತೋಲೆ ಬಂದ ದಿನವೇ ಅವರು ಓದಲು ಕಣ್ಣಿಗೇರಿಸುವ ಚಾಳೀಸು ತಪ್ಪದೆ ಮನೆಯಲ್ಲಿ ಉಳಿದಿರುತ್ತಿತ್ತು. "ಹುಲೆಪ್ಪ ಮಾಸ್ತರ, ನೀವ ಓದ್ರಿ" ಎಂದು ನನ್ನ ಕೈಗಿತ್ತು, ಕಣ್ಣು ಮುಚ್ಚಿ ಒಂದೇ ಸಲ ಕೇಳಿ, ಇನ್ಸ್‌ಪೆಕ್ಟರರ ಮುಂದೆ ಅದನ್ನು ಮಂತ್ರದಂತೆ ಒಪ್ಪಿಸಿ ಶಹಬ್ಬಾಸ್ ಎನ್ನಿಸಿಕೊಳ್ಳುವರು. ಸಂಸ್ಥಾನದ ಕಾಲಕ್ಕೆ ಮರಾಠಿಯಲ್ಲಿ ಕಲಿತು, ಬರೀ ಲೆಕ್ಕ ಕಲಿಸುತ್ತಲೇ ಹೆಡ್‌ಮಾಸ್ತರರಾದವರು ಅವರು. ರಾಜ್ಯ ಒಂದಾಗಿ, ಸರ್ಕಾರದ ಕಾಗದವೆಲ್ಲ ಕನ್ನಡಕ್ಕೆ ತಿರುಗಿ ಆಗ ಎರಡು ವರ್ಷವಾಗಿತ್ತು. ಒಂದು ದಿನ ಸಾಲಿ ಬಿಟ್ಟ ಮೇಲೆ, ಮರೆತ ಕೊಡೆ ಒಯ್ಯಲು ಬಂದವನು ಗ್ರಂಥಾಲಯದ ಕಿಟಕಿಯಲ್ಲಿ ಇಣುಕಿದೆ. ಹೆಡ್‌ಮಾಸ್ತರರು ಚಾಳೀಸು ಏರಿಸಿಕೊಂಡು, ಒಂದನೇ ಇಯತ್ತೆಯ ಕನ್ನಡ ಪುಸ್ತಕದ ಮೇಲೆ ಬೆರಳಿಟ್ಟು, ಒಂದೊಂದೇ ಅಕ್ಷರಕ್ಕೆ ತುಟಿ ಅಲ್ಲಾಡಿಸುತ್ತಿದ್ದರು. ಮರುದಿನ ಮತ್ತೊಂದು ಸುತ್ತೋಲೆ ಬಂತು. "ಚಾಳೀಸ ಮನ್ಯಾಗ ಉಳದೈತ್ರೀ" ಎಂದರು. ಕೋಟಿನ ಕಿಸೆಯಿಂದ ಅದು ಇಣುಕುತ್ತಿತ್ತು. ನಾನು ಅವರ ಮಗ್ಗುಲಿಗೇ ಕುರ್ಚಿ ಎಳೆದುಕೊಂಡು, ಒಂದೊಂದೇ ಅಕ್ಷರದ ಕೆಳಗೆ ಬೆರಳಿಟ್ಟು ಸಾವಕಾಶ ಓದತೊಡಗಿದೆ. ಅವರು ಬೈಯಲಿಲ್ಲ, ಅಂದು ಕಣ್ಣನ್ನೂ ಮುಚ್ಚಲಿಲ್ಲ.