ಶುಕ್ರವಾರದ ಸೊನ್ನೆಗಳು

ಹೊಸ ಕಂಪ್ಯೂಟರು ಮೊದಲ ಸಲ ಕೈಕೊಟ್ಟದ್ದು ಸೋಮವಾರ ಬೆಳಿಗ್ಗೆ ಹನ್ನೊಂದೂ ಹತ್ತಕ್ಕೆ. ಎರಡನೆಯ ಸಲ ಅದೇ ದಿನ ಹನ್ನೊಂದೂ ಮೂವತ್ತೈದಕ್ಕೆ. ಮೂರನೆಯ ಸಲ ಆದಾಗ ನಾನು ಇನ್ನೂರು ಪುಟದ ಒಂದು ನೋಟ್‌ಬುಕ್ ತೆಗೆದು, ಸ್ಕೇಲಿಟ್ಟು ಗೆರೆ ಎಳೆದು ನಾಲ್ಕು ಕಾಲಂ ಮಾಡಿದೆ. ದಿನ, ಹೊತ್ತು, ಆಗ ಏನು ಮಾಡುತ್ತಿದ್ದೆ, ಏನಾಯಿತು. ಕೊನೆಯ ಕಾಲಂನಲ್ಲಿ ಬರೆಯಲು ಮೂರೇ ಬಗೆಯಿದ್ದವು: ತಾನೇ ಆರಿ ತಾನೇ ಶುರುವಾಯಿತು, ನೀಲಿ ಪರದೆ ಬಂತು, ಬಾಣದ ಗುರುತು ಸಹ ಅಲುಗದೆ ನಿಂತಿತು. ಹುಬ್ಬಳ್ಳಿಯಿಂದ ಬಿಡಿಭಾಗ ತಂದು, ವಿಡಿಯೋ ನೋಡಿ ನೋಡಿ ನಾನೇ ಜೋಡಿಸಿದ ಯಂತ್ರ. ಬೈಯುವುದಕ್ಕೆ ಬೇರೆ ಯಾರೂ ಇರಲಿಲ್ಲ.

ಅದನ್ನು ಜೋಡಿಸಿದ್ದು ಚಾಚಿಯ ನವಿಲಿನ ಸಲುವಾಗಿ. ಚಾಚಿ ನನ್ನ ಅಪ್ಪನ ತಮ್ಮನ ಹೆಂಡತಿ. ನವಲಗುಂದದ ನಮ್ಮ ಮನೆಯಲ್ಲಿ ಈಗ ಜಮಖಾನ ನೇಯುವವರು ಅವರೊಬ್ಬರೇ. ನಮ್ಮಲ್ಲಿ ಈ ಕೆಲಸವನ್ನು ಸೊಸೆಯಂದಿರಿಗೆ ಕಲಿಸುತ್ತಾರೆ, ಹೆಣ್ಣುಮಕ್ಕಳಿಗೆ ಕಲಿಸುವುದಿಲ್ಲ. ಮಗಳು ಮದುವೆಯಾಗಿ ಹೋದರೆ ಲೆಕ್ಕವೂ ಅವಳ ಜೊತೆ ಬೇರೆ ಮನೆಗೆ ಹೋಗುತ್ತದೆ ಎಂಬ ಭಯ. ಚಾಚಿ ಕಲಿತದ್ದು ನನ್ನ ದಾದಿಯ, ಅಂದರೆ ಅಪ್ಪನ ತಾಯಿಯ, ಪಕ್ಕದಲ್ಲಿ ಕೂತು. ಯಾವ ಸಾಲಿನಲ್ಲಿ ಯಾವ ಬಣ್ಣ ಎಷ್ಟು ಎಳೆ ಎಂಬುದನ್ನು ಯಾರೂ ಎಂದೂ ಕಾಗದದ ಮೇಲೆ ಬರೆದಿಲ್ಲ. ನೇಯ್ದ ಮೇಲೆ ಎಣಿಸಿಕೊಳ್ಳಬಹುದಲ್ಲ ಎಂದರೆ, ಎಣಿಸಬೇಕಾದ ಉದ್ದದ ಎಳೆಗಳೆಲ್ಲ ಅಡ್ಡ ನೂಲಿನ ಒಳಗೆ ಮುಚ್ಚಿಹೋಗಿರುತ್ತವೆ. ನಾನು ಕದ್ದು ಎಣಿಸಿ ನೋಡಿದ್ದೇನೆ. ಮೂರು ಸಲಕ್ಕೆ ಮೂರು ಉತ್ತರ ಬಂತು.

ನವಿಲಿನ ಜೋಡಿಯ ಪಟ್ಟಿ ಇರುವ ದೊಡ್ಡ ಜಮಖಾನಕ್ಕೆ ಈ ವರ್ಷ ಒಂದು ಆರ್ಡರ್ ಬಂದಾಗ ಚಾಚಿ, ‘ಇದ ಕಡೇದು. ಇದರ ಮ್ಯಾಲೆ ಮೊಳಕಾಲು ಕೇಳೂದಿಲ್ಲ. ಸಣ್ಣ ಪಟ್ಟಾಪಟ್ಟಿ ಅಷ್ಟ ನೇಯತೇನಿ,’ ಅಂದರು. ನಾನು ಎರಡು ವರ್ಷದಿಂದ ಕೇಳುತ್ತಿದ್ದದ್ದನ್ನು ಮತ್ತೆ ಕೇಳಿದೆ.

‘ನೀ ಮನಿ ಮಗಳು, ನಿನಗ ಕಲಸಂಗಿಲ್ಲ,’ ಅಂದರು. ಕೈಯಲ್ಲಿದ್ದ ನೂಲಿನ ಉಂಡೆ ಸುತ್ತಿ ಮುಗಿಸಿ, ‘ಮಶೀನಿಗೆ ಹೇಳಬಹುದು. ಅದೇನ್ ಲಗ್ನಾ ಮಾಡಿಕೊಂಡು ಹೋಗೂದಿಲ್ಲ. ಅದಕ್ಕ ಕೀಲಿ ಇರತದೇನ್ ಬೇ?’

‘ಇರತದ ಚಾಚಿ. ಪಾಸ್‌ವರ್ಡ್ ಅಂತಾರ.’

‘ಹಂಗಾರ ಅದರಾಗ ಹಾಕು. ಕಾಗದದ ಮ್ಯಾಲೆ ಒಂದ ಅಂಕಿ ಬಿದ್ದರೂ ನನ್ನ ಬಾಯಿ ಬಂದ್.’

ಆ ಜಮಖಾನದಲ್ಲಿ ನವಿಲಿನ ಪಟ್ಟಿ ಮೂರು ಕಡೆ ಬರುತ್ತದೆ: ಕೆಳಗೊಂದು, ನಡುವೆ ಒಂದು, ಮೇಲೊಂದು. ಪ್ರತಿ ಪಟ್ಟಿ ನೂರಾ ಇಪ್ಪತ್ತು ಸಾಲು. ಚಾಚಿಗೆ ಲೆಕ್ಕ ಇರುವುದು ಕೈಯಲ್ಲಿ. ಸುಮ್ಮನೆ ಕೂತು ಹೇಳಿ ಎಂದರೆ ಎರಡನೇ ಸಾಲಿಗೇ ತಡವರಿಸುತ್ತಾರೆ. ನೂಲು ಹಾಕುತ್ತಾ, ಕಬ್ಬಿಣದ ಹಲ್ಲಿನ ಪಂಜಾದಿಂದ ಅದನ್ನು ಕೆಳಗೆ ಬಡಿದು ಕೂರಿಸುತ್ತಾ ಹೋದರೆ ಮಾತ್ರ ಅಂಕಿಗಳು ತಾವಾಗಿ ಬರುತ್ತವೆ: ಕೆಂಪು ಏಳು, ಕರಿ ಮೂರು, ಬಿಳಿ ಎರಡು. ಆದ್ದರಿಂದ ನನಗಿದ್ದದ್ದು ಮೂರೇ ಅವಕಾಶ. ಮೂರೂ ಅವರು ನೇಯುವಾಗಲೇ.

ಮೊದಲ ಪಟ್ಟಿ ಐದು ದಿನ ಹಿಡಿಯಿತು. ಕಂಪ್ಯೂಟರು ಹದಿನೇಳು ಸಲ ಸತ್ತಿತು. ಸತ್ತಾಗಲೆಲ್ಲ ಅದು ಎದ್ದು ಬರುವ ಹೊತ್ತಿಗೆ ಚಾಚಿ ಮುಂದಿನ ಸಾಲಿನಲ್ಲಿರುತ್ತಿದ್ದರು. ‘ನಿಲ್ಲರಿ ಚಾಚಿ’ ಎಂದರೆ ಕೈ ನಿಲ್ಲುತ್ತಿರಲಿಲ್ಲ, ನಿಂತರೆ ಲೆಕ್ಕ ತಪ್ಪುತ್ತಿತ್ತು. ಕೊನೆಗೆ ನನ್ನ ಹತ್ತಿರ ಉಳಿದದ್ದು ನೂರಾ ಇಪ್ಪತ್ತರಲ್ಲಿ ಎಪ್ಪತ್ತೊಂದು ಸಾಲು. ಅರ್ಧ ಬಾಲದ, ತಲೆಯಿಲ್ಲದ ನವಿಲು.

ನಡುವಿನ ಸಾದಾ ಪಟ್ಟೆಗಳನ್ನು ಅವರು ನೇಯುವಷ್ಟರಲ್ಲಿ ನಾನು ದೋಷ ಹುಡುಕಲು ಹೊರಟೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂದು ನಿಯಮ ಮಾಡಿಕೊಂಡೆ. ವಿಂಡೋಸ್ ಅಳಿಸಿ ಮತ್ತೆ ಹಾಕಿದೆ. ಮರುದಿನ ನಾಲ್ಕು ಸಲ ಸತ್ತಿತು. ಪ್ರೊಸೆಸರಿನ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ, ಮೂರು ಸಲ. ಎರಡು ರ‍್ಯಾಮ್ ಪಟ್ಟಿಗಳಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟೆ, ಐದು ಸಲ. ಅದನ್ನು ತೆಗೆದು ಇದನ್ನು ಇಟ್ಟೆ, ಐದೇ. ಎರಡೂ ಒಟ್ಟಿಗೇ ಕೆಟ್ಟಿರಲು ಸಾಧ್ಯವಿಲ್ಲ ಎಂದು ರ‍್ಯಾಮಿನ ಮುಂದೆ ‘ನಿರಪರಾಧಿ’ ಎಂದು ಬರೆದು ಎರಡು ಗೆರೆ ಎಳೆದೆ. ಕರೆಂಟ್ ಪೂರೈಸುವ ಡಬ್ಬಿಯನ್ನು ಅಂಗಡಿಯವನು ಗೊಣಗುತ್ತಾ ಬದಲಿಸಿ ಕೊಟ್ಟ. ಮತ್ತೆ ನಾಲ್ಕು ಸಲ.

ಕೊನೆಗೆ ಇಡೀ ಕ್ಯಾಬಿನೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋದೆ. ಅಂಗಡಿಯಲ್ಲಿ ಮೂರು ತಾಸು ಓಡಿತು, ಒಂದು ಸಲವೂ ತೊದಲಲಿಲ್ಲ. ವಾಪಸ್ ತಂದು ಅದರ ಹಲಗೆಯ ಮೇಲಿಟ್ಟ ಮರುದಿನ ಹತ್ತೂ ಇಪ್ಪತ್ತಕ್ಕೆ ನೀಲಿ ಪರದೆ.

ನೋಟ್‌ಬುಕ್ಕಿನಲ್ಲಿ ಒಂದು ವಿಚಿತ್ರ ಕಾಣುತ್ತಿತ್ತು. ಸಾವುಗಳೆಲ್ಲ ಬೆಳಿಗ್ಗೆ ಹತ್ತರಿಂದ ಒಂದು, ಮಧ್ಯಾಹ್ನ ಮೂರರಿಂದ ಐದರೊಳಗೆ. ಶುಕ್ರವಾರ ಮಾತ್ರ ಇಡೀ ದಿನ ಸೊನ್ನೆ. ನಾಲ್ಕು ಶುಕ್ರವಾರ, ನಾಲ್ಕು ಸೊನ್ನೆ. ನನಗೆ ಉತ್ತರ ಸಿಕ್ಕಿತು ಎನಿಸಿತು: ವೋಲ್ಟೇಜು. ನಮ್ಮ ಓಣಿಯ ಹಿಟ್ಟಿನ ಗಿರಣಿ ಶುಕ್ರವಾರ ಬಂದ್. ಚಾಚಾನಿಗೆ ಗಂಟುಬಿದ್ದು ಯುಪಿಎಸ್ ತರಿಸಿದೆ, ಗಿರಣಿ ಹಚ್ಚುವ ಹೊತ್ತನ್ನೂ ಬರೆದುಕೊಂಡೆ. ಯುಪಿಎಸ್ ಬಂದ ದಿನ ಗಿರಣಿಯ ಬೆಲ್ಟ್ ಹರಿದು ದಿನವಿಡೀ ಅದು ಬಂದ್ ಇತ್ತು. ಕಂಪ್ಯೂಟರು ಆರು ಸಲ ಸತ್ತಿತು. ಆ ಪುಟದ ಮೇಲೆ ಪೆನ್ನು ಒತ್ತಿದ ಗುರುತು ಕೆಳಗಿನ ಮೂರು ಪುಟಕ್ಕೂ ಬಿದ್ದಿದೆ.

ಎರಡನೇ ಪಟ್ಟಿ ಬಂತು. ಈ ಸಲ ಎರಡೆರಡು ಸಾಲಿಗೊಮ್ಮೆ ಸೇವ್ ಮಾಡಿದೆ, ಚಾಚಿಯೂ ಕನಿಕರದಿಂದ ನಿಧಾನ ಹೊಡೆದರು. ನೂರಾ ಹದಿನೆಂಟನೇ ಸಾಲಿನವರೆಗೆ ಎಲ್ಲವೂ ಒಳಗೆ ಬಿತ್ತು. ಮರುದಿನ ಫೈಲು ತೆರೆದರೆ ಅಂಕಿಗಳ ಜಾಗದಲ್ಲಿ ಚೌಕ, ಪ್ರಶ್ನೆಚಿಹ್ನೆ, ಎಲ್ಲಿಯೂ ಕಾಣದ ಲಿಪಿ. ಪೆನ್ ಡ್ರೈವಿನಲ್ಲಿದ್ದ ನಕಲೂ ಹಾಗೇ. ಕೆಟ್ಟದ್ದನ್ನೇ ನಿಷ್ಠೆಯಿಂದ ನಕಲು ಮಾಡಿಕೊಂಡಿದ್ದೆ.

‘ತಿಂದು ಬಿಟ್ಟತೇನ್?’ ಅಂತ ಚಾಚಿ ಕೇಳಿದರು.

‘ತಿಂತು.’

‘ಒಂದ ಉಳದೈತಿ,’ ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಮೂರನೇ ಪಟ್ಟಿಗೆ ಎರಡು ದಿನ ಇರುವಾಗ ಊರಿನ ರಿಪೇರಿಯವನನ್ನು ಮನೆಗೇ ಕರೆಸಿದೆ. ಅವನು ಹೊಸ್ತಿಲು ದಾಟುತ್ತಿದ್ದಂತೆ ಚಾಚಿ ಪಂಜಾ ಕೆಳಗಿಟ್ಟು ಎದ್ದರು. ಹೊರಗಿನವರು ಬಂದಾಗ ನಮ್ಮ ಮನೆಯಲ್ಲಿ ಮಗ್ಗ ನಿಲ್ಲುತ್ತದೆ. ಬಡಿಯುತ್ತಾ ಬಂದವರನ್ನು ಮಾತಾಡಿಸುವುದು ಮರ್ಯಾದೆಯಲ್ಲ ಎಂದು ದಾದಿ ಕಲಿಸಿದ್ದು.

‘ಬರ್ರಿ, ಕುಂದರ್ರಿ. ಚಾ ಮಾಡತೇನಿ.’

ಅವನು ಒಂದೂವರೆ ತಾಸು ಕೂತ. ಎಲ್ಲ ಪರೀಕ್ಷೆಗಳನ್ನೂ ಓಡಿಸಿದ. ಎರಡು ಕಪ್ ಚಾ ಕುಡಿದ. ಯಂತ್ರ ಮುಗ್ಗರಿಸದೆ ಕೆಲಸ ಮಾಡಿತು. ನಾನು ನೋಟ್‌ಬುಕ್ ತೋರಿಸಿದೆ. ಅವನು ಹಾಳೆ ತಿರುವಿ ತಿರುವಿ ನೋಡಿ, ‘ಅಕ್ಕಾರ, ಇಷ್ಟ ಬರಿಯೂ ಮಂದಿ ಮನ್ಯಾಗ ಮಶೀನ್ ಅಂಜತಾವ್ರಿ. ಅಗದಿ ಚಲೋ ಐತಿ ಇದು,’ ಅಂದ.

‘ನಿಮ್ಮನ್ನ ನೋಡಿ ಅಂಜೇತಿ ನೋಡ್ರಿ,’ ಎಂದು ಚಾಚಿ ಕಪ್ಪು ಎತ್ತಿಕೊಂಡರು.

ಅವನು ಹೋದ. ಚಾಚಿ ಮಗ್ಗಕ್ಕೆ ಕೂತರು. ಹನ್ನೆರಡನೇ ನಿಮಿಷಕ್ಕೆ ನೀಲಿ ಪರದೆ. ನಾನು ನೋಟ್‌ಬುಕ್ಕನ್ನು ಗೋಡೆಗೆ ಎಸೆದೆ. ಬಾಯಿಗೆ ಬಂದದ್ದು ಅಂದೆ. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಅನ್ನದ ಒಂದು ಮಾತೂ ಅದರಲ್ಲಿತ್ತು.

ಚಾಚಿ ತಿರುಗಲೂ ಇಲ್ಲ. ‘ನಾ ಸುಮ್ಮನ ಕುಂತ್ರ ಅದು ಸುಮ್ಮನ ಇರತದ. ನಾ ಬಡಿಯಾಕ ಹತ್ತಿದ್ರ ನೀ ಒದರಾಕ ಹತ್ತತಿ. ಇವತ್ತ ಆರನೇ ಸಾಲಿಗೆ ಒದರಿದಿ, ನಿನ್ನೆ ಒಂಬತ್ತಕ್ಕ, ಮೊನ್ನೆ ನಾಕಕ್ಕ. ಇದನ್ನ ಬರದಿಲ್ಲೇನ್ ನಿನ್ನ ಬುಕ್ಕಿನ್ಯಾಗ?’

ಬರೆದಿರಲಿಲ್ಲ. ಆ ಸದ್ದು ನಾನು ಹುಟ್ಟಿದಾಗಿನಿಂದ ಮನೆಯಲ್ಲಿದೆ. ಗೋಡೆಗೊಂದು ಕಾಲಂ ಮಾಡುತ್ತೇವೆಯೇ? ನೋಟ್‌ಬುಕ್ ಎತ್ತಿ ತಂದು ಸೊನ್ನೆಗಳನ್ನು ನೋಡಿದೆ. ಶುಕ್ರವಾರ ಚಾಚಿ ಮಗ್ಗಕ್ಕೆ ಕೂರುವುದಿಲ್ಲ. ಹುಬ್ಬಳ್ಳಿಯ ಅಂಗಡಿಯಲ್ಲಿ ಮಗ್ಗವಿಲ್ಲ. ಅತಿಥಿ ಬಂದರೆ ಮಗ್ಗ ನಿಲ್ಲುತ್ತದೆ. ನನ್ನ ಕಂಪ್ಯೂಟರು ಕೂತದ್ದು ಚಾಚಾ ಜಾಗ ಉಳಿಸಲೆಂದು ಮಗ್ಗದ ಕಂಬಕ್ಕೇ ಮೊಳೆ ಹೊಡೆದು ಕೊಟ್ಟ ಹಲಗೆಯ ಮೇಲೆ.

‘ಬಡೀರಿ ಚಾಚಿ,’ ಅಂದೆ. ಅವರು ಬಡಿದರು. ನಾನು ಎಣಿಸಿದೆ. ಮೂವತ್ತೊಂದನೇ ಪೆಟ್ಟಿಗೆ ಪರದೆ ನೀಲಿಯಾಯಿತು.

ಕ್ಯಾಬಿನೆಟ್ ಬಿಚ್ಚಿ ಟಾರ್ಚು ಹಿಡಿದು ಪಕ್ಕದಿಂದ ನೋಡಿದೆ. ನನ್ನ ಮದರ್‌ಬೋರ್ಡಿನಲ್ಲಿ ರ‍್ಯಾಮ್ ಹಿಡಿಯುವ ಕೊಂಡಿ ಒಂದೇ ತುದಿಗೆ ಇದೆ. ಆ ತುದಿ ಟಕ್ ಎಂದರೆ ಕೂತಿತೆಂದು ತಿಳಿದಿದ್ದೆ. ಇನ್ನೊಂದು ತುದಿ ಉಗುರಿನ ದಪ್ಪದಷ್ಟು ಮೇಲೆಯೇ ಇತ್ತು. ಪ್ರತಿ ಪೆಟ್ಟಿಗೆ ಒಂದಿಷ್ಟು ನಡುಗುತ್ತಿತ್ತು. ಇಷ್ಟು ದಿನದಲ್ಲಿ ಹನ್ನೊಂದು ಸಲ ತೆಗೆದು ಹಾಕಿದ್ದೆ. ಹನ್ನೊಂದು ಸಲವೂ ಅದೇ ಹೆಬ್ಬೆರಳು, ಅದೇ ತಪ್ಪು. ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿದೆ. ಅದು ಒಳಗೆ ಇಳಿದದ್ದು ಬೆರಳಿಗೆ ತಿಳಿಯಿತು. ಯಂತ್ರವನ್ನು ಹಲಗೆಯಿಂದ ಇಳಿಸಿ ಕಂಬಕ್ಕೆ ತಾಗದಂತೆ ಸ್ಟೂಲಿನ ಮೇಲಿಟ್ಟೆ. ‘ನಿರಪರಾಧಿ’ ಎಂಬುದನ್ನು ಹೊಡೆದುಹಾಕಿದೆ.

ಮೂರನೇ ಪಟ್ಟಿಗೆ ಐದು ದಿನ, ನೂರಾ ಇಪ್ಪತ್ತು ಸಾಲು. ಸಾವು ಸೊನ್ನೆ. ಕೊನೆಯ ಸಾಲನ್ನು ಸೇವ್ ಮಾಡಿ, ಮುಚ್ಚಿ, ತೆರೆದು, ಚಾಚಿಗೆ ಓದಿ ಹೇಳಿದೆ. ಅವರು ಕೈ ಆಡಿಸುತ್ತಾ ಕೇಳಿದರು, ಎರಡು ಕಡೆ ತಿದ್ದಿದರು.

‘ಈಗ ಕೀಲಿ ಹಾಕೂಣು,’ ಅಂದರು. ಪಾಸ್‌ವರ್ಡಿನ ಜಾಗ ತೋರಿಸಿದೆ. ‘ಆ ಕಡೆ ಮುಖಾ ಮಾಡು.’

‘ಚಾಚಿ, ನಾನ ಬರದೇನಲ್ಲ ಅದನ್ನ.’

‘ಬರದದ್ದು ಮಶೀನಿಗೆ. ನೀ ಮನಿ ಮಗಳು. ಆ ಕಡೆ ತಿರುಗು ಬೇ.’

ತಿರುಗಿದೆ. ಎರಡು ಸಲ ಒತ್ತಿದರು, ಎರಡೂ ಸಲ ಏಳೇ ಕೀಲಿಯ ಸದ್ದು. ‘ಯಾವಾಗ ತೆಗೀತೀರಿ?’ ಅಂತ ಕೇಳಿದೆ.

‘ಸೊಸಿ ಬಂದ ಮ್ಯಾಲೆ.’

ಅವರ ಮಗ ಈಗ ಒಂಬತ್ತನೇ ಇಯತ್ತೆ. ನಾನೇ ಒತ್ತಿದ ನೂರಾ ಇಪ್ಪತ್ತು ಸಾಲಿನಲ್ಲಿ ನನಗೆ ಬಾಯಿಗೆ ಬರುವುದು ಮೊದಲ ನಾಲ್ಕು. ಅವನ್ನು ಇಲ್ಲಿಯೂ ಬರೆದಿಲ್ಲ. ನೋಟ್‌ಬುಕ್ಕಿನಲ್ಲಿ ಐದನೆಯ ಕಾಲಂ ಎಳೆದು ‘ಮಗ್ಗ’ ಎಂದು ಹೆಸರಿಟ್ಟಿದ್ದೇನೆ. ಅದರಲ್ಲಿ ತುಂಬಲು ಈಗ ಏನೂ ಇಲ್ಲ. ಕಂಪ್ಯೂಟರು ಚೆನ್ನಾಗಿದೆ.